ಐನೂರು ಗ್ರಾಮಿನ ಗೆರೆ

ಲಕ್ಷದೀಪದ ಗೌಜಿ ಮುಗಿದಿದೆ. ಉಡುಪಿಯ ರಥಬೀದಿಯಿಂದ ಎರಡು ತಿರುವು ದಾಟಿ ನೀವು ಈ ಅಂಗಡಿಯ ಮೆಟ್ಟಿಲು ಹತ್ತುವಾಗ 2025ರ ನವೆಂಬರ್ ಬಿಸಿಲು ಬೆನ್ನು ಸುಡುತ್ತಿದೆ. ಸಂಜೆಗೊಂದು ಗುಡುಗು ಮಳೆ ಬಂದೇ ಬರುತ್ತದೆ ಎನ್ನುವಂಥ ಸೆಕೆ. ಒಳಗೆ ನಿಲ್ಲಲು ಜಾಗ ಹುಡುಕಬೇಕು. ಕಪಾಟಿನಲ್ಲಿ ಹಿಡಿಸದ ಪುಸ್ತಕ ನೆಲದಲ್ಲಿ, ನೆಲದಲ್ಲಿ ಹಿಡಿಸದ್ದು ಕುರ್ಚಿಯಲ್ಲಿ, ಕುರ್ಚಿಯಲ್ಲಿ ಕೂರಬೇಕಾದ ಯಜಮಾನರು ಸ್ಟೂಲಿನ ಮೇಲೆ. ಅವರನ್ನು ಎಲ್ಲರೂ ಮಾಸ್ಟ್ರೆ ಎಂದೇ ಕರೆಯುತ್ತಾರೆ. ಶಾಲೆಯಲ್ಲಿ ಕಲಿಸಿದವರಲ್ಲ, ಒಂದು ಪುಸ್ತಕ ಕೇಳಿದವರಿಗೆ ಅರ್ಧ ಗಂಟೆ ಪಾಠ ಮಾಡುತ್ತಾರೆ, ಅದಕ್ಕೆ.

‘ಬನ್ನಿ, ಆ ಗಮ್ ಟೇಪ್ ಒಂಚೂರು ಹಿಡ್ಕೊಳ್ಳಿ’ ಎನ್ನುತ್ತಾರೆ. ಬಂದ ಗಿರಾಕಿಗೆ ಕೆಲಸ ಹಚ್ಚುವುದು ಇಲ್ಲಿಯ ಕ್ರಮ.

ಮೇಜಿನ ಮೇಲೆ ಅಡುಗೆಮನೆಯ ಪುಟ್ಟ ತಕ್ಕಡಿ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿ ಬೆಂಗಳೂರಿಗೆ ಹೋಗಬೇಕಾದ ಎರಡು ಪುಸ್ತಕಗಳನ್ನು ಅದರ ಮೇಲಿಡುತ್ತಾಳೆ: 461 ಗ್ರಾಂ. ಕೆಳಗಿಳಿಸಿ ಮೊದಲು ಪ್ಲಾಸ್ಟಿಕ್ ಸುತ್ತುತ್ತಾಳೆ. ಕರಾವಳಿಯ ಗಾಳಿಯೇ ಸಾಕು ಹಾಳೆ ಉಬ್ಬುವುದಕ್ಕೆ, ಮಳೆಯೇ ಬೇಕೆಂದಿಲ್ಲ. ಆಮೇಲೆ ಬಿಸ್ಕತ್ತಿನ ಹಳೇ ಪೆಟ್ಟಿಗೆಯಿಂದ ಕತ್ತರಿಸಿದ ಎರಡು ರಟ್ಟು, ಮೇಲೊಂದು ಕೆಳಗೊಂದು. ಮೂಲೆ ಮುದುಡಿದರೆ ಗಿರಾಕಿ ಫೋಟೋ ತೆಗೆದು ಕಳಿಸುತ್ತಾನೆ. ಅದರ ಮೇಲೆ ಕಂದು ಕಾಗದ, ಟೇಪು. ವಿಳಾಸ ಬರೆದು ಅದರ ಮೇಲೂ ಪಾರದರ್ಶಕ ಟೇಪು, ಚೀಲದೊಳಗೆ ನೀರಾದರೆ ಶಾಯಿ ಹರಡಬಾರದಲ್ಲ. ಮತ್ತೆ ತಕ್ಕಡಿ: 513.

‘ಛೆ’ ಎನ್ನುತ್ತಾಳೆ. ಕಟ್ಟಿದ್ದನ್ನೆಲ್ಲ ಬಿಚ್ಚುತ್ತಾಳೆ.

ಹದಿಮೂರು ಗ್ರಾಮಿಗೆ ಇಷ್ಟೊಂದು ಬೇಜಾರು ಯಾಕೆ ಎಂದು ನೀವು ಕೇಳುವ ಮೊದಲೇ ಮಾಸ್ಟ್ರು ಗೋಡೆ ತೋರಿಸುತ್ತಾರೆ. ಕ್ಯಾಲೆಂಡರಿನ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ ದರಪಟ್ಟಿ. 300 ಗ್ರಾಂವರೆಗೆ 20 ರೂಪಾಯಿ. 500ರವರೆಗೆ 25. ಒಂದು ಕಿಲೋಗೆ 35, ಎರಡಕ್ಕೆ 50, ಹೀಗೆ ಏರುತ್ತ ಐದು ಕಿಲೋಗೆ 100. ಅಷ್ಟಕ್ಕೇ ಮುಗಿಯಿತು, ಅದರ ಮೇಲೆ ತೂಕ ತೆಗೆದುಕೊಳ್ಳುವುದಿಲ್ಲ. ಕೆಳಗೆ ಕೆಂಪಿನಲ್ಲಿ: ‘ತೆರಿಗೆ ಬೇರೆ’. ತಲೆಬರಹ ‘ಜ್ಞಾನ ಪೋಸ್ಟ್’. 513 ಗ್ರಾಂ ಆದರೆ ಒಂದು ಕಿಲೋದ ದರವನ್ನೇ ಕೊಡಬೇಕು. ಐನೂರರೊಳಗೆ ತಂದರೆ ಹತ್ತು ರೂಪಾಯಿ ಉಳಿಯುತ್ತದೆ, ತೆರಿಗೆ ಸೇರಿಸಿದರೆ ಹನ್ನೊಂದು ಎಂಬತ್ತು.

‘ಹನ್ನೊಂದು ಎಂಬತ್ತು ಅಂದ್ರೆ ಈ ಕಟ್ಟಿನಲ್ಲಿ ನಮಗೆ ಸಿಗುವ ಲಾಭದಷ್ಟೇ, ಮಾರಾಯ್ರೆ.’

ಉತ್ಪ್ರೇಕ್ಷೆ ಎನ್ನುತ್ತೀರಾ? ಲೆಕ್ಕ ಹಾಕಿ ನೋಡಿ. ಎರಡೂ ಪುಸ್ತಕ ಸೇರಿ ಇನ್ನೂರು ರೂಪಾಯಿ. ಪ್ರಕಾಶಕರಿಂದ ಅಂಗಡಿಗೆ ನೂರಕ್ಕೆ ಮೂವತ್ತು ಸಿಕ್ಕಿತು ಎಂದಿಟ್ಟುಕೊಳ್ಳಿ, ಅರುವತ್ತು ರೂಪಾಯಿ ಆಯಿತು. ಇದು ರಾಜ್ಯೋತ್ಸವದ ತಿಂಗಳು. ರಿಯಾಯಿತಿ ಇಲ್ಲ ಎಂದರೆ ಗಿರಾಕಿಗೆ ಅವಮಾನ. ಹತ್ತು ಶೇಕಡಾ ಬಿಟ್ಟರೆ ನಲವತ್ತು ಉಳಿಯಿತು. ಅಂಚೆ ಖರ್ಚು ಅಂಗಡಿಯದೇ ಎಂದಾದರೆ 25 ರೂಪಾಯಿ, ಅದಕ್ಕೆ ನೂರಕ್ಕೆ ಹದಿನೆಂಟರ ಜಿಎಸ್‌ಟಿ ನಾಲ್ಕೂವರೆ, ಒಟ್ಟು ಇಪ್ಪತ್ತೊಂಬತ್ತೂವರೆ. ಉಳಿದ ಹತ್ತೂವರೆಯಲ್ಲಿ ಟೇಪು, ಕಾಗದ, ಹುಡುಗಿಯ ಸಂಬಳ, ಅಂಗಡಿ ಬಾಡಿಗೆ. ಅಂದ ಹಾಗೆ, ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಪುಸ್ತಕ ಓದುಗನ ಕೈಸೇರಲು ಕೊಡುವ ಅಂಚೆ ಖರ್ಚಿಗೆ ಮಾತ್ರ ಇದೆ. ಇದರಲ್ಲಿ ಯಾವ ನ್ಯಾಯ ಎಂದು ನನಗಂತೂ ಇದುವರೆಗೆ ಹೊಳೆದಿಲ್ಲ.

ಇದೇ ಕಟ್ಟನ್ನು ಸ್ಪೀಡ್ ಪೋಸ್ಟಿಗೆ ಹಾಕಿದರೆ? ಅಕ್ಟೋಬರಿನಿಂದ ಬಂದ ಹೊಸ ದರದಲ್ಲಿ ಅರ್ಧ ಕಿಲೋ ಬೆಂಗಳೂರು ಮುಟ್ಟಲು 75 ರೂಪಾಯಿ, ತೆರಿಗೆ ಸೇರಿ ಎಂಬತ್ತೆಂಟೂವರೆ. ಇನ್ನೂರರ ಪುಸ್ತಕಕ್ಕೆ ಎಂಬತ್ತೆಂಟೂವರೆ ಅಂಚೆ ಎಂದು ಹೇಳಿದರೆ ಯಾವ ಓದುಗನೂ ಎರಡನೇ ಸಲ ಮೆಸೇಜು ಹಾಕುವುದಿಲ್ಲ. ಮೂವತ್ತು ಎಂದರೆ ‘ಅಡ್ಡಿಯಿಲ್ಲ ಕಳಿಸಿ’ ಎನ್ನುತ್ತಾನೆ. ದೊಡ್ಡ ಆನ್‌ಲೈನ್ ಮಳಿಗೆಯ ಎದುರು ಈ ಹನ್ನೆರಡಡಿಯ ಕೋಣೆ ನಿಂತುಕೊಳ್ಳುವುದೋ ಮುಚ್ಚುವುದೋ ಎಂಬುದು ಈ ಮೂವತ್ತು ಮತ್ತು ಎಂಬತ್ತೆಂಟರ ನಡುವೆ ತೀರ್ಮಾನವಾಗುತ್ತದೆ. ರಿಯಾಯಿತಿಯ ಪೈಪೋಟಿಯೆಲ್ಲ ಆಮೇಲಿನ ಮಾತು.

ಹುಡುಗಿ ರಟ್ಟಿನ ಅಂಚನ್ನು ಪುಸ್ತಕದ ಅಳತೆಗೆ ಸರಿಯಾಗಿ ಕತ್ತರಿಸುತ್ತಿದ್ದಾಳೆ. ಮಾಸ್ಟ್ರು ಕಳೆದ ವರ್ಷದ ಕತೆ ತೆಗೆಯುತ್ತಾರೆ. ರಿಜಿಸ್ಟರ್ಡ್ ಬುಕ್ ಪೋಸ್ಟ್ ಎಂಬುದಿತ್ತು. ಐದು ಕಿಲೋ ಪುಸ್ತಕ ಎಂಬತ್ತು ರೂಪಾಯಿಯ ಆಸುಪಾಸಿನಲ್ಲಿ ದೇಶದ ಯಾವ ಮೂಲೆಗೂ ಹೋಗುತ್ತಿತ್ತು. 2024ರ ಡಿಸೆಂಬರ್ 18ರಂದು ಅದು ನಿಂತಿತು. ಮೊದಲೇ ಡಂಗುರವಿಲ್ಲ, ಸೂಚನೆಯಿಲ್ಲ. ಕೌಂಟರಿನ ಕಂಪ್ಯೂಟರಿನಲ್ಲಿ ಆ ಆಯ್ಕೆಯೇ ಕಾಣೆ. ಐದು ಕಿಲೋದ ಕಟ್ಟು ಪಾರ್ಸೆಲ್ ಲೆಕ್ಕದಲ್ಲಿ ಇನ್ನೂರು ದಾಟಿತು. ಪ್ರಕಾಶಕರು, ಅಂಗಡಿಯವರು, ಓದುಗರು ದೇಶದುದ್ದಕ್ಕೂ ಬೊಬ್ಬೆ ಹಾಕಿದರು. 2025ರ ಮೇ 1ರಂದು ‘ಜ್ಞಾನ ಪೋಸ್ಟ್’ ಎಂಬ ಹೆಸರಿನಲ್ಲಿ ಅಗ್ಗದ ದರ ಮರಳಿತು.

‘ಆ ನಾಲ್ಕೂವರೆ ತಿಂಗಳು ನಾನು ಬರೇ ಪೇಟೆಯವರಿಗೆ ಪುಸ್ತಕ ಮಾರಿದೆ. ದೂರದವರಿಗೆ ಆಗುದಿಲ್ಲ ಅಂದುಬಿಟ್ಟೆ.’

ದೂರದವರು ಎಂದರೆ ಯಾರು? ಇಲ್ಲಿಂದಲೇ ಹೋದವರು. ಮುಂಬಯಿಯ ಹೋಟೆಲು, ಬ್ಯಾಂಕುಗಳಲ್ಲಿ ನೆಲೆ ನಿಂತ ಉಡುಪಿಯವರು, ಬೆಂಗಳೂರಿನ ಸಾಫ್ಟ್‌ವೇರಿನವರು, ಬೆಳಗಾವಿಗೆ ವರ್ಗವಾದ ಮೇಷ್ಟರು. ಊರಿನ ಅಂಗಡಿಗೇ ಮೆಸೇಜು ಹಾಕುತ್ತಾರೆ, ಯಕ್ಷಗಾನದ ಪ್ರಸಂಗಪುಸ್ತಕ ದೊಡ್ಡ ಮಳಿಗೆಯಲ್ಲಿ ಹುಡುಕಿದರೂ ಸಿಗುವುದಿಲ್ಲವಲ್ಲ. ಅಗೋ, ಮೂಲೆಯಲ್ಲಿ ಒಂದರ ಮೇಲೊಂದು ಕೂತ ದಪ್ಪ ಸಂಪುಟಗಳು: ಇಲ್ಲಿಯೇ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ನಡುವೆ ಹೊರತಂದ ತುಳು ನಿಘಂಟು, ಆರು ಸಂಪುಟ, ಯು.ಪಿ. ಉಪಾಧ್ಯಾಯರ ಸಂಪಾದಕತ್ವದ್ದು. ಹಳೆಯದೊಂದು ಸೆಟ್ಟು ಕೈಗೆ ಬಂದಿದೆ, ಮುಂಬಯಿಯ ಒಬ್ಬರು ಬೇಕೆಂದಿದ್ದಾರೆ. ಒಂದನ್ನು ಎತ್ತಿ ನೋಡಿ. ಎರಡು ಕಟ್ಟು ಮಾಡಬೇಕು ಎಂದು ಮಾಸ್ಟ್ರು ಆಗಲೇ ಅಂದಾಜು ಹಾಕಿದ್ದಾರೆ. ಎರಡು ಕಟ್ಟಾದರೂ ಇನ್ನೂರ ನಲವತ್ತರೊಳಗೆ ಮುಂಬಯಿ.

ತಕ್ಕಡಿ ಈಗ 498 ಎನ್ನುತ್ತದೆ. ಹುಡುಗಿ ಕಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ‘ಜ್ಞಾನ ಪೋಸ್ಟ್’ ಎಂದು ಬರೆಯುತ್ತಾಳೆ. ಮಾಸ್ಟ್ರು ಅಭ್ಯಾಸಬಲದಿಂದ ಒಂದು ಚೀಟಿ ಕೈಗೆತ್ತಿಕೊಂಡು, ಏನೋ ನೆನಪಾಗಿ ಕೆಳಗಿಡುತ್ತಾರೆ. ಮೊದಲೆಲ್ಲ ಪ್ರತಿ ಕಟ್ಟಿನಲ್ಲೂ ಎರಡು ಸಾಲು ಬರೆದು ಇಡುತ್ತಿದ್ದರು: ನಮಸ್ಕಾರ, ಇದು ಓದಿ ಮುಗಿದರೆ ಇಂಥದ್ದು ಓದಿ. ಖಾಸಗಿ ಪತ್ರ ಈ ದರದಲ್ಲಿ ಹೋಗುವಂತಿಲ್ಲ. ಜಾಹೀರಾತೂ ಇಲ್ಲ. ನಿಯತಕಾಲಿಕವೂ ಇಲ್ಲ. ಪುಸ್ತಕದ ಮೇಲೆ ಮುದ್ರಕರದೋ ಪ್ರಕಾಶಕರದೋ ಹೆಸರು ಇರಲೇಬೇಕು. ನಿಯಮ ಯಾಕೆ ಎಂದು ಅರ್ಥವಾಗುತ್ತದೆ. ಪುಸ್ತಕದ ಹೆಸರಿನಲ್ಲಿ ಕಂಪನಿಗಳ ಕಾಗದಪತ್ರ ಸಾಗಬಾರದು. ಆದರೂ ಅಂಗಡಿಯವನ ಎರಡು ಸಾಲಿನ ಚೀಟಿಯಿಂದ ಇಲಾಖೆಯ ಬೊಕ್ಕಸ ಬರಿದಾಗಲಾರದು. ಚಿಕ್ಕ ಅಂಗಡಿಯಲ್ಲಿ ಇರುವ, ದೊಡ್ಡ ಮಳಿಗೆಯಲ್ಲಿ ಇಲ್ಲದ ಸರಕು ಅದೊಂದೇ. ಈಗ ಅದನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ.

ಕಟ್ಟುಗಳನ್ನು ಬಟ್ಟೆಚೀಲಕ್ಕೆ ತುಂಬಿ ಒಂದನ್ನು ನಿಮ್ಮ ಹೆಗಲಿಗೆ ಹಾಕಿಯಾಯಿತು. ನಡೆಯಿರಿ, ಪ್ರಧಾನ ಅಂಚೆ ಕಚೇರಿಗೆ. ದಾರಿಯಲ್ಲಿ ಮಾಸ್ಟ್ರ ಪಾಠ ಮುಂದುವರಿಯುತ್ತದೆ. 1854ರಲ್ಲಿ ಈ ದೇಶದಲ್ಲಿ ಅಂಚೆಗೆ ದೂರದ ಲೆಕ್ಕ ಕೈಬಿಟ್ಟು, ಕಾಗದ ಎಲ್ಲಿಗೆ ಹೋದರೂ ಅರ್ಧಾಣೆ ಎಂದು ಮಾಡಿದರು. 1877ರಲ್ಲಿ ವಿ.ಪಿ.ಪಿ. ಬಂತು: ಕಟ್ಟು ಮನೆಗೆ ಬಂದ ಮೇಲೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು. ‘ಕ್ಯಾಶ್ ಆನ್ ಡೆಲಿವರಿ ಅಂತ ಈಗಿನವರು ಏನೋ ಹೊಸತು ಕಂಡುಹಿಡಿದ ಹಾಗೆ ಹೇಳ್ತಾರೆ’ ಎಂದು ನಗುತ್ತಾರೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರನ್ನು ಕಟ್ಟಿಕೊಂಡು ಬೆಳೆದದ್ದು. ಅಂಗಡಿಯೇ ಇಲ್ಲದ ಊರಿನ ಓದುಗನಿಗೆ ಟಪ್ಪಾಲಿನವನೇ ಅಂಗಡಿ. ಮಂಗಳೂರಿನಲ್ಲಿ 1975ರಿಂದ 2012ರವರೆಗೆ ಅತ್ರಿ ಬುಕ್ ಸೆಂಟರ್ ನಡೆಸಿದ ಜಿ.ಎನ್. ಅಶೋಕವರ್ಧನರು ತಮ್ಮ ಅನುಭವದ ಪುಸ್ತಕಕ್ಕೆ ‘ಪುಸ್ತಕ ಮಾರಾಟ ಹೋರಾಟ’ ಎಂದೇ ಹೆಸರಿಟ್ಟರು. ಈ ಹೆಸರು ಹೇಳುವಾಗ ಮಾಸ್ಟ್ರು ಮೂರನೇ ಶಬ್ದವನ್ನು ಸ್ವಲ್ಪ ಎಳೆಯುತ್ತಾರೆ.

ಕೌಂಟರಿನಲ್ಲಿ ಎಂಟು ಜನ. ಆಧಾರ್ ತಿದ್ದುಪಡಿಯ ಸಾಲು ಬೇರೆ, ಉಳಿತಾಯ ಖಾತೆಯ ಸಾಲು ಬೇರೆ. ನೀವು ಮೊದಲು ತಪ್ಪು ಸಾಲಿನಲ್ಲಿ ನಿಂತು ಆಮೇಲೆ ಇತ್ತ ಬರುತ್ತೀರಿ. ಗಾಜಿನಾಚೆಯ ಅಕ್ಕ ತಲೆ ಎತ್ತದೆ ಕೇಳುತ್ತಾರೆ.

‘ಒಳಗೆ ಎಂತ ಉಂಟು?’

‘ಬರೇ ಪುಸ್ತಕ ಅಕ್ಕ. ಜ್ಞಾನ ಪೋಸ್ಟ್.’

‘ಕಾಗದಪತ್ರ ಎಂತದೂ ಇಲ್ಲ ಅಲ್ವಾ?’

ಬೆಂಗಳೂರಿನ ಕಟ್ಟು ಅವರ ತಕ್ಕಡಿಗೆ ಏರುತ್ತದೆ. ಕೆಂಪಂಕಿ ಒಮ್ಮೆ ತೊನೆದು ನಿಲ್ಲುತ್ತದೆ: 502.

ನೀವು ಮಾಸ್ಟ್ರ ಮುಖ ನೋಡುತ್ತೀರಿ. ಮಾಸ್ಟ್ರು ಅಂಕಿಯನ್ನು ನೋಡುತ್ತಾರೆ. ಅಡುಗೆಮನೆಯ ತಕ್ಕಡಿಗೂ ಸರಕಾರದ ತಕ್ಕಡಿಗೂ ನಾಲ್ಕು ಗ್ರಾಂ ಭಿನ್ನಾಭಿಪ್ರಾಯ. ಅಕ್ಕ ಈಗ ತಲೆ ಎತ್ತಿ, ಏನೂ ಹೇಳದೆ, ಗಾಜಿನ ಕೆಳಗಿನ ಸಂದಿಯಿಂದ ಕತ್ತರಿಯನ್ನು ಈಚೆ ತಳ್ಳುತ್ತಾರೆ. ಇದು ಅವರಿಗೆ ಹೊಸತಲ್ಲ ಎಂದಾಯಿತು. ಕಂದು ಕಾಗದದ ಮಡಿಕೆಯಲ್ಲಿ ಹೆಚ್ಚಾಗಿ ಉಳಿದ ಎರಡು ನಾಲಿಗೆಗಳನ್ನು ಮಾಸ್ಟ್ರು ಕತ್ತರಿಸಿ, ಸಡಿಲವಾಗಿ ಜೋತಿದ್ದ ಟೇಪನ್ನೂ ಕಿತ್ತು ಕೊಡುತ್ತಾರೆ. 499. ಹಿಂದಿನವರು ಯಾರೋ ‘ಪಾಸಾಯ್ತು’ ಎನ್ನುತ್ತಾರೆ. ರಶೀದಿ ಹರಿದು ಬರುತ್ತದೆ, ಅದರ ಮೇಲೆ ಟ್ರ್ಯಾಕಿಂಗ್ ನಂಬರು. ವಿಮಾನವಿಲ್ಲ, ನೆಲದ ದಾರಿಯಲ್ಲೇ ಹೋಗುವುದು. ಬೆಂಗಳೂರಿಗೆ ಕೆಲವು ದಿನ ಹಿಡಿದೀತು. ಕಾದಂಬರಿ ತರಕಾರಿಯಲ್ಲ, ಕೊಳೆಯುವುದಿಲ್ಲ.

ಕಾಪುವಿಗೆ ಹೋಗಬೇಕಾದ ಒಂದು ಕಟ್ಟು ಮಾತ್ರ ಇನ್ನೂ ನಿಮ್ಮ ಚೀಲದಲ್ಲೇ ಇದೆ. ಅದಕ್ಕೆ ಬೇರೆ ವ್ಯವಸ್ಥೆ. ಸರ್ವಿಸ್ ಬಸ್‌ಸ್ಟ್ಯಾಂಡಿಗೆ ಬನ್ನಿ. ಮಂಗಳೂರಿಗೆ ಹೊರಟ ಖಾಸಗಿ ಬಸ್ಸು ಗುರುಗುಡುತ್ತಿದೆ, ಕಂಡಕ್ಟರ್ ‘ಕಟಪಾಡಿ, ಕಾಪು, ಪಡುಬಿದ್ರಿ’ ಎಂದು ಒಂದೇ ಉಸಿರಿನಲ್ಲಿ ಊರುಗಳನ್ನು ಪೋಣಿಸುತ್ತಿದ್ದಾನೆ. ಮಲ್ಲಿಗೆಯ ಕಟ್ಟು, ಔಷಧದ ಪೆಟ್ಟಿಗೆ, ಯಾರದೋ ಮನೆಯ ಮಿಕ್ಸಿಯ ಜಾರು, ಇವುಗಳ ಜೊತೆ ನಮ್ಮದೂ ಡ್ರೈವರಿನ ಎಡಗಡೆ ಬಾನೆಟ್ಟಿನ ಪಕ್ಕ ಕೂರುತ್ತದೆ. ಕಂಡಕ್ಟರ್ ಕೈಗೆ ಇಪ್ಪತ್ತು ರೂಪಾಯಿ. ಮಾಸ್ಟ್ರು ಮೊಬೈಲಿನಲ್ಲಿ ಬಸ್ಸಿನ ಮುಂಭಾಗದ ಫೋಟೋ ತೆಗೆದು ಕಾಪುವಿನ ಗಿರಾಕಿಗೆ ಕಳಿಸುತ್ತಾರೆ.

‘ಇದು ನಮ್ಮ ಟ್ರ್ಯಾಕಿಂಗ್.’

ನೀವೂ ಹತ್ತಿ ಕುಳಿತರೆ ಉದ್ಯಾವರದ ಸೇತುವೆ, ಕಟಪಾಡಿ ದಾಟಿ ಅರ್ಧ ಗಂಟೆಯೊಳಗೆ ಹೆದ್ದಾರಿಯ ಬದಿಯಲ್ಲಿ ಕಾಪು. 1901ರ ದೀಪಸ್ತಂಭ ಇರುವ ಕಡಲು ಇನ್ನೂ ಒಳಗೆ, ಇಲ್ಲಿಂದ ಕಾಣುವುದಿಲ್ಲ. ಕಾಣುವುದು ಛತ್ರಿ ಊರಿಕೊಂಡು ನಿಂತ ನಿವೃತ್ತ ಟೀಚರು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಟ್ಟು ಕೈಬದಲಾಗಿದೆ. ಸೀಟಿ. ಬಸ್ಸು ಹೋಯಿತು. ‘ಬೆಳಿಗ್ಗೆ ಹೇಳಿದ್ದು, ಊಟಕ್ಕೆ ಮೊದಲು ಬಂತು’ ಎಂದು ಟೀಚರು ನಿಮಗೇ ಹೇಳುತ್ತಾರೆ, ನೀವೇ ತಂದಿರೇನೋ ಎಂಬಂತೆ. ಬಸ್ಸಿನ ಈ ವೇಗದ ಎದುರು ಯಾವ ದೊಡ್ಡ ಮಳಿಗೆಯೂ ನಿಲ್ಲಲಾರದು. ಆದರೆ ಇದು ಬಸ್ಸಿನ ದಾರಿ ಇರುವಷ್ಟು ದೂರದ ಮಾತು. ಅದರಾಚೆಗೆ ಅಂಚೆಯೇ ಬೇಕು.

ಮಣಿಪಾಲದಲ್ಲಿ ಲೆಕ್ಕ ಬೇರೆಯದು. ಮಧ್ಯಾಹ್ನ ಟೈಗರ್ ಸರ್ಕಲ್ಲಿನಲ್ಲಿ ಇಳಿದು ಅಲ್ಲಿಯ ಅಂಚೆ ಕಚೇರಿಗೆ ಇಣುಕಿದರೆ ಸಾಲಿನಲ್ಲಿ ಕನ್ನಡ ತುಳು ಎರಡೂ ಕಡಿಮೆ. ಓದು ಮುಗಿಸಿ ಊರಿಗೆ ಹೊರಟ ಹುಡುಗನೊಬ್ಬ ವೈದ್ಯಕೀಯದ ಇಟ್ಟಿಗೆಯಂಥ ಪುಸ್ತಕಗಳನ್ನು ತಂದಿದ್ದಾನೆ, ಪಟ್ನಾಕ್ಕೆ. ದೂರ ಎಷ್ಟೇ ಇರಲಿ, ಐದು ಕಿಲೋದ ದರ ಒಂದೇ: ತೆರಿಗೆ ಸೇರಿ 118. ಹುಡುಗನಿಗೆ ನಂಬಿಕೆ ಬರುವುದಿಲ್ಲ, ಎರಡು ಸಲ ಕೇಳುತ್ತಾನೆ. ಕಟ್ಟಿನಲ್ಲಿ ಸ್ಪೈರಲ್ ಹಾಕಿದ ನೋಟ್ಸ್ ಸಿಕ್ಕಿದ್ದನ್ನು ಕೌಂಟರಿನವರು ಹೊರಗಿಡುತ್ತಾರೆ. ಮುದ್ರಕರ ಹೆಸರಿಲ್ಲ, ಪುಸ್ತಕವಲ್ಲ. ಅವನ ಪಾಲಿಗೆ ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅದನ್ನು ಬೆನ್ನಚೀಲಕ್ಕೆ ತುರುಕುತ್ತಾನೆ. 1941ರಲ್ಲಿ ಒಂದು ಮುದ್ರಣಾಲಯ, 1970ರಲ್ಲಿ ಒಂದು ದಿನಪತ್ರಿಕೆ ಹುಟ್ಟಿದ ಗುಡ್ಡ ಇದು. ಕಾಗದವನ್ನು ಊರೂರಿಗೆ ಕಳಿಸುವುದು ಇಲ್ಲಿಗೆ ಹೊಸ ಕಸುಬಲ್ಲ.

ಸಾಲಿನಲ್ಲಿ ನಿಂತಾಗ ನಿಮಗೆ ಫ್ರಾನ್ಸಿನ ಕತೆ ಹೇಳಿಬಿಡುತ್ತೇನೆ. 2020ರ ನವೆಂಬರಿನ ಲಾಕ್‌ಡೌನಿನಲ್ಲಿ ಅಲ್ಲಿಯ ಸರಕಾರ ಸ್ವತಂತ್ರ ಪುಸ್ತಕದಂಗಡಿಗಳ ಅಂಚೆ ಖರ್ಚನ್ನು ತಾನೇ ಭರಿಸಿತು. ಬಾಗಿಲು ಮುಚ್ಚಿದ ಅಂಗಡಿಗಳು ಅಂಚೆಯಲ್ಲಿ ವ್ಯಾಪಾರ ಮಾಡಿದವು. ಆಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2023ರ ಅಕ್ಟೋಬರಿನಿಂದ 35 ಯೂರೋಗಿಂತ ಕಡಿಮೆಯ ಹೊಸ ಪುಸ್ತಕದ ಖರೀದಿಗೆ ಯಾರೇ ಮನೆಗೆ ತಲುಪಿಸಲಿ, ಕನಿಷ್ಠ 3 ಯೂರೋ ಸಾಗಣೆ ವಸೂಲಿ ಮಾಡಲೇಬೇಕು ಎಂಬ ನಿಯಮ ತಂದರು. ದೊಡ್ಡವರು ಒಂದು ಸೆಂಟಿಗೆ ಕಳಿಸುತ್ತಿದ್ದುದನ್ನು ತಡೆಯುವ ಉಪಾಯ. ನಮ್ಮಲ್ಲಿ ಅದು ನಡೆಯಲಾರದು, ನಡೆಯಲೂಬಾರದು ಎಂದು ನನಗನಿಸುತ್ತದೆ. ಓದುಗನ ಜೇಬು ಇಲ್ಲಿ ಅಷ್ಟು ದಪ್ಪವಿಲ್ಲ. ದೊಡ್ಡವರ ದರ ಏರಿಸುವುದಕ್ಕಿಂತ ಚಿಕ್ಕವರ ದರ ಇಳಿಸುವ ನಮ್ಮ ದಾರಿಯೇ ಮೇಲು. ಅದು ಇದ್ದಕ್ಕಿದ್ದಂತೆ ಮಾಯವಾಗದಿದ್ದರೆ ಸಾಕು.

ಇನ್ನು ಕಾರ್ಕಳದ ಕಟ್ಟು. ಅದು ಎಲ್ಲಕ್ಕಿಂತ ದೊಡ್ಡದು, ತಾಲೂಕಿನ ಒಳಗಿನ ಒಂದು ಸರಕಾರಿ ಶಾಲೆಗೆ ಮಕ್ಕಳ ಪುಸ್ತಕ, 4 ಕಿಲೋ 600. ಬಸ್ಸಿಗೇ ಕೊಡಬಹುದಿತ್ತು, ಬಸ್ಸಿನವನು ರಶೀದಿ ಕೊಡುವುದಿಲ್ಲ, ಆಡಿಟ್‌ನವರು ರಶೀದಿ ಇಲ್ಲದೆ ಒಪ್ಪುವುದಿಲ್ಲ. ಖಾಸಗಿ ಕೊರಿಯರಿನವರು ಪೇಟೆಯಿಂದ ಫೋನು ಮಾಡಿ ‘ಬಂದು ತೆಕ್ಕೊಂಡು ಹೋಗಿ’ ಎನ್ನುತ್ತಾರೆ. ಹಾಗಾಗಿ ಅದೂ ಅಂಚೆಗೇ ಬಿತ್ತು. ಅದರ ಹಿಂದೆಯೇ ನೀವೂ ಹೊರಡಿ, ಎರಡು ದಿನ ಬಿಟ್ಟು. ಪರ್ಕಳ, ಹಿರಿಯಡಕ, ಬೈಲೂರು. ರಸ್ತೆ ತಿರುಗಿದಲ್ಲೆಲ್ಲ ರಬ್ಬರು, ಅಡಿಕೆ, ಮತ್ತೆ ಗುಡ್ಡ. ಕಾರ್ಕಳದಲ್ಲಿ ಬಂಡೆಯ ಮೇಲೆ 1432ರಿಂದ ನಿಂತೇ ಇರುವ ಗೊಮ್ಮಟ. ಅಲ್ಲಿಂದ ಒಳಗೆ ಅಂಚೆಯಣ್ಣನ ಬೈಕಿನ ಹಿಂದೆ.

ವಿಳಾಸದಲ್ಲಿ ರಸ್ತೆಯ ಹೆಸರಿಲ್ಲ, ನಂಬರೂ ಇಲ್ಲ. ಶಾಲೆಯ ಹೆಸರು, ಗ್ರಾಮ, ಅಂಚೆ, ತಾಲೂಕು. ಅಂಚೆಯಣ್ಣನಿಗೆ ಅಷ್ಟೂ ಬೇಡ. ಸಂಕದ ಹತ್ತಿರ ಬೈಕು ನಿಲ್ಲಿಸಿ ಯಾರದೋ ಪಿಂಚಣಿಯ ಸುದ್ದಿ ಹೇಳುತ್ತಾನೆ, ಇನ್ನೊಬ್ಬರ ಮಗಳ ನೇಮಕಾತಿಯ ಕಾಗದ ಬಂತೇ ಎಂದು ವಿಚಾರಿಸುತ್ತಾನೆ, ಮತ್ತೆ ಕಿಕ್ ಹೊಡೆಯುತ್ತಾನೆ. ಪುಸ್ತಕದ ಕಟ್ಟು ಹಿಂದಿನ ಕ್ಯಾರಿಯರಿನಲ್ಲಿ ಪ್ಲಾಸ್ಟಿಕ್ ಹೊದ್ದು ಕುಳಿತಿದೆ, ಹಗ್ಗ ಎರಡು ಸುತ್ತು.

ಶಾಲೆಯ ಜಗಲಿಯಲ್ಲಿ ಹೆಡ್ ಟೀಚರು ಸಹಿ ಹಾಕುತ್ತಾರೆ. ಕಟ್ಟು ಬಿಚ್ಚಲು ಆರನೇ ಕ್ಲಾಸಿನವರಿಗೆ ಅಧಿಕಾರ, ಐದನೆಯವರು ಸುತ್ತ ನಿಂತು ನೋಡಬಹುದು ಅಷ್ಟೆ. ಕಂದು ಕಾಗದ ಹರಿಯಬಾರದು, ಪುಸ್ತಕಕ್ಕೆ ಬೈಂಡು ಹಾಕಲು ಬೇಕು. ಹಕ್ಕಿಗಳ ಪುಸ್ತಕ ಮೊದಲು ಹೊರಬಂದು ಆಗಲೇ ಯಾರದೋ ಕೈ ಸೇರಿಯಾಗಿದೆ. ಟೀಚರು ಮಾತ್ರ ಪುಸ್ತಕ ನೋಡುತ್ತಿಲ್ಲ. ಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ತೂಕ, ದರ ಎರಡನ್ನೂ ಓದಿ, ಫೋನು ತೆಗೆದು ಉಡುಪಿಗೆ ಹಚ್ಚುತ್ತಾರೆ.

‘ಮಾಸ್ಟ್ರೆ, ಕಟ್ಟು ಬಂತು, ಎಲ್ಲ ಚೆಂದ ಉಂಟು. ಆದ್ರೆ ಒಂದು ಮಾತು. ಐದು ಕಿಲೋಗೂ ಅದೇ ನೂರು ರೂಪಾಯಿ ಅಲ್ವಾ? ನಾಲ್ಕು ಆರುನೂರೇ ಕಳಿಸಿದ್ದೀರಿ. ಇನ್ನೂ ನಾಲ್ಕುನೂರು ಗ್ರಾಂ ಜಾಗ ಇತ್ತು. ಎರಡು ಕತೆ ಪುಸ್ತಕ ಹಿಡೀತಿತ್ತಲ್ಲ ಮಾರಾಯ್ರೆ!’